ಕರೆಂಟ್ ಹೋದ ಮೇಲೆ ಕಂಡ ಕರೆಂಟ್

ಮಧುಗಿರಿಯ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ನಮ್ಮ ಈ ಕತೆ ಶುರುವಾಯಿತು. ಕೊರಿಯರ್‌ನಲ್ಲಿ ಬಂದ ಪೊಟ್ಟಣ ಬಿಚ್ಚಿ, ಅದರೊಳಗಿದ್ದ ಅರ್ಧ ಬೆರಳಿನಷ್ಟು ಉದ್ದದ ಬೋರ್ಡನ್ನು ಟೇಬಲ್ ಮೇಲಿಟ್ಟು, “ಇದಕ್ಕೆ ಪಿನ್ ಕೂರಿಸಿಕೊಡಣ್ಣ” ಅಂದೆವು. ಅಂಗಡಿಯವರು ಭೂತಗನ್ನಡಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಯಾವ ಫೋನಿಂದು ಇದು?”

“ಫೋನಿಂದಲ್ಲ. ಮೈಯೊಳಗೆ ಓಡೋ ಕರೆಂಟ್ ನೋಡೋಕೆ.”

ಅವರು ಒಂದು ಸಲ ನಮ್ಮ ಮುಖ ನೋಡಿ, ಏನೂ ಮಾತಾಡದೆ ಸೋಲ್ಡ್ರಿಂಗ್ ಕಡ್ಡಿ ಬಿಸಿಗಿಟ್ಟರು. ಅರ್ಧ ಗಂಟೆ ಬಿಟ್ಟು ಅವರದೇ ಮುಂಗೈಗೆ ಸ್ಟಿಕ್ಕರ್ ಅಂಟಿಸಿ, ಲ್ಯಾಪ್‌ಟಾಪಿನಲ್ಲಿ ಓಡುವ ಗೆರೆ ತೋರಿಸಿ, “ಮುಷ್ಟಿ ಹಿಡೀರಿ” ಅಂದೆವು. ಮಲಗಿದ್ದ ಗೆರೆ ಜಾಲಿ ಮುಳ್ಳಿನ ಬೇಲಿಯ ಹಾಗೆ ಎದ್ದು ನಿಂತಿತು. ಕೈ ಸಡಿಲ ಬಿಟ್ಟಾಗ ಮತ್ತೆ ಮಲಗಿತು. ಅವರು ಮೂರು ಸಲ ಮುಷ್ಟಿ ಹಿಡಿದು ಬಿಟ್ಟು ನೋಡಿ, ನಾಲ್ಕನೇ ಸಲಕ್ಕೆ ಪಕ್ಕದ ಟೀ ಅಂಗಡಿಯವರನ್ನೂ ಕೂಗಿ ಕರೆದರು. ಸೋಲ್ಡ್ರಿಂಗಿಗೆ ದುಡ್ಡು ತಗೊಳ್ಳಲಿಲ್ಲ.

ನಾವು ನಾಲ್ವರು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ತಾಲ್ಲೂಕಿಗೊಬ್ಬರು. ಎಲ್ಲರೂ ತುಮಕೂರು ಜಿಲ್ಲೆಯವರೇ ಆದರೂ ಶಾಲೆಗಳ ಲೆಕ್ಕಕ್ಕೆ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಗ್ರಾಮೀಣ ಪತ್ರಿಕೋದ್ಯಮ ಓದುವಾಗ ಜೊತೆಯಾದವರು, ಆಮೇಲೂ ಬಿಡಲಿಲ್ಲ. ಪಾವಗಡದ ಫ್ಲೋರೈಡ್ ನೀರು, ಕಡಲೆಕಾಯಿ ಬೆಲೆ, ಹುಣಸೆಹಣ್ಣು, ಊರಿಗೆ ಬಾರದ ಬಸ್ಸು ಇವುಗಳ ಬಗ್ಗೆ ಬರೆದುಕೊಂಡು ಇದ್ದವರು. ಮೆದುಳು, ನರ ಇವೆಲ್ಲ ನಮ್ಮ ವಿಷಯವೇ ಅಲ್ಲ. ನಮ್ಮಲ್ಲಿ ಮೂವರು ಪಿಯುಸಿಯಲ್ಲಿ ಆರ್ಟ್ಸ್.

ಹಾಗಿದ್ದೂ ಇದಕ್ಕೆ ಕೈ ಹಾಕಿದ್ದು ಒಂದು ಬೀರುವಿನಿಂದ. ಶಾಲೆಯೊಂದಕ್ಕೆ ವಿಜ್ಞಾನದ ಸಾಮಾನು ಬಂದಿದೆ, ನೋಡಿ ಬರೆಯೋಣ ಅಂತ ಹೋಗಿದ್ದೆವು. ಸಾಮಾನೆಲ್ಲ ಬೀರುವಿನೊಳಗೆ, ಬೀರುವಿನ ಕೀ ಇದ್ದವರು ಟ್ರೈನಿಂಗಿಗೆ. ಎರಡನೇ ಸಲ ಹೋದಾಗ ಕೀ ಸಿಕ್ಕಿತು. ಒಳಗಿದ್ದ ಡಬ್ಬಗಳ ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚಿರಲಿಲ್ಲ. ಮೇಷ್ಟ್ರನ್ನು ಬೈಯುವುದು ಸುಲಭ. ಆದರೆ ಅವರು ಹೇಳಿದ್ದರಲ್ಲೂ ನ್ಯಾಯ ಇತ್ತು: “ಮಕ್ಕಳ ಕೈಗೆ ಕೊಟ್ಟು ಒಡೆದು ಹೋದ್ರೆ ಆಡಿಟ್‌ನಲ್ಲಿ ನಾನು ಉತ್ತರ ಕೊಡಬೇಕಪ್ಪ. ಒಡೆದು ಹೋದ್ರೂ ಪರವಾಗಿಲ್ಲ ಅನ್ನೋ ಬೆಲೆಗೆ ಸಾಮಾನು ತಗೊಂಡು ಬನ್ನಿ, ನಾಳೆನೇ ಬಿಚ್ಚುತ್ತೀನಿ.”

ಆ ಮಾತು ತಲೆಯಲ್ಲಿ ಉಳಿಯಿತು. ಹತ್ತನೇ ತರಗತಿಯ ವಿಜ್ಞಾನದಲ್ಲಿ ನರವ್ಯೂಹದ ಪಾಠ ಇದೆ. ನರಕೋಶದ ಚಿತ್ರ ಬರೆದು ಭಾಗ ಗುರುತಿಸಿ ಅನ್ನುವುದು ಪರೀಕ್ಷೆಗೆ ಬಂದೇ ಬರುತ್ತದೆ ಅಂತ ನಾವೂ ಉರು ಹೊಡೆದವರೇ. ನರದಲ್ಲಿ ವಿದ್ಯುತ್ ಸಂದೇಶ ಹರಿಯುತ್ತದೆ ಅಂತ ಬರೆದು ಮಾರ್ಕ್ಸ್ ತಗೊಂಡೆವು. ನಿಜವಾಗಿ ಹರಿಯುತ್ತದಾ ಅಂತ ಒಬ್ಬರೂ ಕೇಳಲಿಲ್ಲ. ಮಾವಿನಕಾಯಿ ಹುಳಿ ಅಂತ ಪುಸ್ತಕದಲ್ಲಿ ಓದಿ ನಂಬಿದ ಹಾಗೆ.

ಇದನ್ನು ಕಣ್ಣಿಗೆ ಕಾಣಿಸಬಹುದು ಅಂತ ಗೊತ್ತಾದದ್ದು ಅಮೆರಿಕದ ಇಬ್ಬರ ಕೆಲಸದಿಂದ. ಗ್ರೆಗ್ ಗೇಜ್, ಟಿಮ್ ಮರ್ಜುಲ್ಲೊ ಅಂತ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮೆದುಳಿನ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದಾಗ ಶಾಲೆಗಳಿಗೆ ಹೋಗಿ ಪಾಠ ಹೇಳುತ್ತಿದ್ದರಂತೆ. ಪ್ರಯೋಗಾಲಯದಲ್ಲಿ ದಿನಾ ನೋಡುವ ನರದ ಸಿಗ್ನಲನ್ನು ಮಕ್ಕಳಿಗೆ ತೋರಿಸೋಣ ಅಂದರೆ ಆ ಯಂತ್ರಗಳ ಬೆಲೆ ಸಾವಿರಾರು ಡಾಲರು. ಅದಕ್ಕೇ ನೂರು ಡಾಲರಿನ ಸುತ್ತಮುತ್ತ ಮಾಡುವ ಪಣ ತೊಟ್ಟು ಸ್ಪೈಕರ್ ಬಾಕ್ಸ್ ಅನ್ನುವ ಪುಟ್ಟ ಪೆಟ್ಟಿಗೆ ಮಾಡಿದರು. 2009ರಲ್ಲಿ ಬ್ಯಾಕ್‌ಯಾರ್ಡ್ ಬ್ರೈನ್ಸ್ ಅಂತ ಕಂಪನಿಯನ್ನೇ ಕಟ್ಟಿದರು. ಹೆಸರಿಗೆ ‘ಹಿತ್ತಲ ಮೆದುಳು’ ಅನ್ನಬಹುದೇನೋ. ಅವರ ಮೊದಲ ಪ್ರಯೋಗ ಜಿರಳೆಯದು. ಐಸ್ ನೀರಿನಲ್ಲಿ ಹಾಕಿ ಜಿರಳೆಗೆ ಮರವು ಬರಿಸಿ, ಒಂದು ಕಾಲು ಕತ್ತರಿಸಿ, ಅದಕ್ಕೆ ಎರಡು ಗುಂಡುಸೂಜಿ ಚುಚ್ಚಿದರೆ ಕಾಲಿನ ನರದ ಸದ್ದು ಸ್ಪೀಕರಿನಲ್ಲಿ ಚಟಪಟ ಅಂತ ಕೇಳುತ್ತದೆ.

ನಮ್ಮ ಸಿರಾದವನಿಗೆ ಬಹಳ ಖುಷಿಯಾಯಿತು. ಜಿರಳೆಗೇನು ಬರವಾ, ನಮ್ಮ ಹಾಸ್ಟೆಲಿನಲ್ಲೇ ಒಂದು ಕಾಲೇಜಿಗಾಗುವಷ್ಟಿವೆ ಅಂದ. ಕೊರಟಗೆರೆಯವಳು ಒಪ್ಪಲಿಲ್ಲ. “ಮೊದಲನೇ ದಿನವೇ ಕಾಲು ಕತ್ತರಿಸೋದು ಕಲಿಸೋದಾ? ಮಕ್ಕಳ ಕೈಯಲ್ಲೇ ಸ್ನಾಯು ಇದೆಯಲ್ಲ.” ಈ ಚರ್ಚೆ ವಾಟ್ಸಾಪಿನಲ್ಲಿ ಎರಡು ದಿನ ನಡೆದು ಅವಳೇ ಗೆದ್ದಳು.

ಡಾಲರಿನ ಪೆಟ್ಟಿಗೆ ನಮಗೆ ಎಟುಕುವುದಲ್ಲ. ಹುಡುಕಿದಾಗ ದೆಹಲಿಯಲ್ಲೇ ಇಂಥದ್ದು ಸಿಕ್ಕಿತು. ಅಪ್‌ಸೈಡ್ ಡೌನ್ ಲ್ಯಾಬ್ಸ್ ಅನ್ನುವವರು ಮಾಡುವ ಬಯೋಆಂಪ್ ಇಎಕ್ಸ್‌ಜಿ ಪಿಲ್. ಗುಳಿಗೆಯಂಥ ಬೋರ್ಡು, ಅದಕ್ಕೇ ಪಿಲ್ ಅಂತ ಹೆಸರು. ಸ್ನಾಯು, ಹೃದಯ, ಕಣ್ಣು, ಮೆದುಳು, ನಾಲ್ಕರ ಸಿಗ್ನಲನ್ನೂ ಇದೇ ದೊಡ್ಡದು ಮಾಡಿ ತೋರಿಸುತ್ತದೆ. ಇದರ ನಕ್ಷೆಯನ್ನು ಅವರು ಮುಚ್ಚಿಟ್ಟಿಲ್ಲ, ಯಾರು ಬೇಕಾದರೂ ನೋಡಬಹುದು, ಮಾಡಿಕೊಳ್ಳಬಹುದು. ಜೊತೆಗೆ ಆರ್ಡುಯಿನೊ ಬೋರ್ಡ್ ಬೇಕು. ಅದು ಇಟಲಿಯಲ್ಲಿ ವಿದ್ಯಾರ್ಥಿಗಳಿಗೆ ಅಂತ 2005ರಲ್ಲಿ ಶುರುವಾದದ್ದು, ಅದರ ನಕ್ಷೆಯೂ ಬಹಿರಂಗ, ಹಾಗಾಗಿ ನಕಲು ಬೋರ್ಡು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಇಸಿಜಿಗೆ ಅಂಟಿಸುವ ಜೆಲ್ ಸ್ಟಿಕ್ಕರ್ ಮೆಡಿಕಲ್ ಸ್ಟೋರಿನಲ್ಲಿ. ವೈರು, ಹತ್ತಿ, ಸ್ಪಿರಿಟ್, ಕೊರಿಯರ್ ಖರ್ಚು ಎಲ್ಲ ಸೇರಿಸಿ ನಾಲ್ವರ ಜೇಬಿನಿಂದ ಮೂರು ಸಾವಿರದ ಒಳಗೆ ಮುಗಿಯಿತು. ಲ್ಯಾಪ್‌ಟಾಪ್ ನಮ್ಮ ಹಳೆಯದೇ.

ಮಾಡುವ ರೀತಿ ಬಹಳ ಸರಳ. ಮುಂಗೈಯ ದಪ್ಪ ಭಾಗದಲ್ಲಿ ಎರಡು ಸ್ಟಿಕ್ಕರ್, ಮೊಣಕೈ ಮೂಳೆಯ ಮೇಲೆ ಒಂದು. ನೀವೂ ಈಗಲೇ ಎಡಗೈಯಿಂದ ಬಲ ಮುಂಗೈ ಹಿಡಿದುಕೊಂಡು ಮುಷ್ಟಿ ಕಟ್ಟಿ ನೋಡಿ, ಒಳಗೆ ಮಾಂಸಖಂಡ ಗಟ್ಟಿಯಾಗುವುದು ಗೊತ್ತಾಗುತ್ತದೆ. ಆ ಗಟ್ಟಿಯಾಗುವಿಕೆಯ ಜೊತೆಗೇ ಹುಟ್ಟುವ ವಿದ್ಯುತ್ತನ್ನು ಸ್ಟಿಕ್ಕರ್ ಹಿಡಿಯುತ್ತದೆ. ಟಾರ್ಚಿನ ಸೆಲ್ ಒಂದೂವರೆ ವೋಲ್ಟ್ ಇದ್ದರೆ, ಚರ್ಮದ ಮೇಲೆ ಸಿಗುವ ಸ್ನಾಯುವಿನ ಸಿಗ್ನಲ್ ಅದರ ಸಾವಿರದ ಒಂದು ಪಾಲಿನಷ್ಟು. ಮೆದುಳಿನದು ಇನ್ನೂ ಸಣ್ಣದು, ಸೆಲ್ಲಿನ ಮೂವತ್ತು ಸಾವಿರದ ಒಂದು ಪಾಲಿನ ಆಸುಪಾಸು. ಒಂದು ಎಚ್ಚರಿಕೆ ಮಾತ್ರ ಮರೆಯುವಂತಿಲ್ಲ: ಮೈಗೆ ವೈರ್ ಇರುವಾಗ ಲ್ಯಾಪ್‌ಟಾಪ್ ಬ್ಯಾಟರಿ ಮೇಲೇ ಓಡಬೇಕು, ಚಾರ್ಜರ್ ಗೋಡೆಗೆ ಸಿಕ್ಕಿಸಿರಬಾರದು. ಆಸ್ಪತ್ರೆಯ ಯಂತ್ರಗಳಲ್ಲಿ ಇರುವ ರಕ್ಷಣೆ ಇಂಥ ಬೋರ್ಡಿನಲ್ಲಿ ಇರುವುದಿಲ್ಲ.

ಮೊದಲು ಹೋದದ್ದು ಕೊರಟಗೆರೆ ತಾಲ್ಲೂಕಿನ ಒಂದು ಹೈಸ್ಕೂಲಿಗೆ. ದುರಾಸೆಯಿಂದ ಮೆದುಳನ್ನೇ ತೋರಿಸಲು ಹೊರಟೆವು. ಕಣ್ಣು ಮುಚ್ಚಿ ಸುಮ್ಮನೆ ಕೂತರೆ ತಲೆಯ ಹಿಂಭಾಗದಲ್ಲಿ ಸೆಕೆಂಡಿಗೆ ಸುಮಾರು ಹತ್ತು ಸಲ ಏರಿಳಿಯುವ ಅಲೆ ಏಳುತ್ತದೆ. ಜರ್ಮನಿಯ ಹಾನ್ಸ್ ಬರ್ಗರ್ ಅನ್ನುವ ವೈದ್ಯರು 1924ರಲ್ಲಿ ಮನುಷ್ಯನ ಮೆದುಳಿನ ಅಲೆಯನ್ನು ಮೊದಲು ದಾಖಲಿಸಿದರು. ಐದು ವರ್ಷ ಬಚ್ಚಿಟ್ಟುಕೊಂಡು, 1929ರಲ್ಲಿ ಪ್ರಕಟಿಸಿದಾಗಲೂ ಬಹಳ ಜನ ನಂಬಲಿಲ್ಲ. ನಮಗೆ ಬರ್ಗರ್ ಅವರಿಗಿಲ್ಲದ ಒಂದು ಕಷ್ಟ ಎದುರಾಯಿತು: ಕೊಬ್ಬರಿ ಎಣ್ಣೆ. ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ಬಂದ ಹುಡುಗಿಯರು, ಎಣ್ಣೆ ನೀರು ಸೇರಿಸಿ ಕ್ರಾಪು ಬಾಚಿದ ಹುಡುಗರು. ಒಂದು ಸ್ಟಿಕ್ಕರೂ ನಿಲ್ಲಲಿಲ್ಲ. ಕೊನೆಗೆ ಹಣೆಗೆ ಅಂಟಿಸಿದೆವು. ಅಲ್ಲಿ ಕಣ್ಣು ಮಿಟುಕಿಸಿದ್ದೇ ದೊಡ್ಡ ಗುಡ್ಡದ ಹಾಗೆ ಕಂಡು, ಮಕ್ಕಳು ಅದನ್ನೇ ಮೆದುಳು ಅಂದುಕೊಂಡು ಚಪ್ಪಾಳೆ ಹೊಡೆದರು. ಅಲ್ಲ ಮಕ್ಕಳೇ, ಇದು ಕಣ್ಣಿಂದು ಅಂತ ಹೇಳುವಷ್ಟರಲ್ಲಿ ಬೆಲ್ ಹೊಡೆಯಿತು. ಆ ಮೇಲೆ ಮೆದುಳಿನ ಸಹವಾಸ ಬಿಟ್ಟು ಮುಂಗೈಗೇ ಬಂದೆವು.

ಮುಂಗೈ ಮೋಸ ಮಾಡಲಿಲ್ಲ. ಸಿರಾದ ಶಾಲೆಯಲ್ಲಿ ಕಬಡ್ಡಿ ಟೀಮಿನ ಹುಡುಗರ ಗೆರೆಗಿಂತ, ದಿನಾ ಎರಡು ಹೊತ್ತು ಹಾಲು ಕರೆಯುವ ಒಂದು ಹುಡುಗಿಯ ಗೆರೆ ಎತ್ತರ ಎದ್ದಿತು. ಹುಡುಗರು ಬೋರ್ಡ್ ಕೆಟ್ಟಿದೆ ಅಂದರು. ಗೆರೆಯ ಎತ್ತರವೇ ಶಕ್ತಿಯ ಅಳತೆ ಅಲ್ಲ, ಸ್ಟಿಕ್ಕರ್ ಎಲ್ಲಿ ಕೂತಿದೆ, ಚರ್ಮ ಎಷ್ಟು ಒಣಗಿದೆ ಅನ್ನುವುದರ ಮೇಲೂ ಹೋಗುತ್ತದೆ ಅಂತ ನಾವು ನಿಜ ಹೇಳಬೇಕಾಯಿತು. ಆ ಹುಡುಗಿಯ ಮುಖ ಸಣ್ಣಗಾಯಿತು. ಕೆಲವೊಮ್ಮೆ ವಿಜ್ಞಾನದ ನಿಜ ಹೇಳುವುದು ಬೇಸರದ ಕೆಲಸ.

ಪಾವಗಡ ತಾಲ್ಲೂಕಿನ ಶಾಲೆಗೆ ಹೋದ ದಿನದ್ದು ಬೇರೆಯೇ ಕತೆ. ತಿರುಮಣಿ ಕಡೆಯ ಸೋಲಾರ್ ಪಾರ್ಕ್ ನಿಮಗೆ ಗೊತ್ತೇ ಇದೆ. 13,000 ಎಕರೆ, 2,050 ಮೆಗಾವ್ಯಾಟ್, ಹೊರದೇಶದವರೂ ನೋಡಲು ಬರುತ್ತಾರೆ. ಅದೇ ತಾಲ್ಲೂಕಿನ ಶಾಲೆಯಲ್ಲಿ ನಾವು ಸ್ಟಿಕ್ಕರ್ ಅಂಟಿಸಿ ಕೂತರೆ ಗೆರೆ ದಪ್ಪನೆಯ ಪಟ್ಟೆಯಾಗಿ ಗುಂಯ್‌ಗುಡುತ್ತಿತ್ತು. ಮುಷ್ಟಿ ಹಿಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಗೋಡೆಯ ವೈರಿನಲ್ಲಿ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುವ ಕರೆಂಟನ್ನು ನಮ್ಮ ಮೈಯೇ ಆಂಟೆನಾ ಆಗಿ ಹಿಡಿಯುತ್ತಿತ್ತು. ಬೆಂಚು ಎಳೆದು ಗೋಡೆಯಿಂದ ದೂರ ಇಟ್ಟೆವು, ವೈರ್ ಹೆಣೆದೆವು, ಟ್ಯೂಬ್‌ಲೈಟ್ ಆರಿಸಿದೆವು. ಮಕ್ಕಳು ಆಕಳಿಸಲು ಶುರು ಮಾಡಿದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಫ್ಯಾನು ನಿಂತಿತು, ಇಡೀ ಊರಿನದೇ ಹೋಗಿತ್ತು. ಲ್ಯಾಪ್‌ಟಾಪಿನಲ್ಲಿ ಗೆರೆ ದಾರದ ಹಾಗೆ ತೆಳ್ಳಗೆ, ನೇರವಾಗಿ ಬಂತು. ಮುಂದಿನ ಬೆಂಚಿನ ಹುಡುಗ ಬೆರಳು ಒಂದೊಂದಾಗಿ ಮಡಚಿದ, ಒಂದೊಂದಕ್ಕೂ ಗೆರೆ ಎದ್ದಿತು.

“ಮೇನ್ ಕರೆಂಟ್ ಹೋದ್ರೆ ನಮ್ ಕರೆಂಟ್ ಕಾಣ್ತದೆ ಸಾರ್!” ಅಂತ ಯಾರೋ ಕೂಗಿದರು. ಲೋಡ್ ಶೆಡ್ಡಿಂಗಿಗೆ ಬಾಯಿ ತುಂಬ ಥ್ಯಾಂಕ್ಸ್ ಹೇಳಿದ್ದು ನಮ್ಮ ಜೀವಮಾನದಲ್ಲಿ ಅದೊಂದೇ ಸಲ.

ಅದೇ ಖುಷಿಯಲ್ಲಿದ್ದಾಗ ಕೊನೆಯ ಸಾಲಿನ ಹುಡುಗನೊಬ್ಬ ಎದ್ದು ನಿಂತ. “ಸಾರ್, ಫಿಟ್ಸ್ ಬರೋದೂ ಇದೇ ಕರೆಂಟಾ?”

ಪ್ರಶ್ನೆ ಮುಗಿಯುವ ಮೊದಲೇ ಇಡೀ ತರಗತಿ ಒಂದು ಬೆಂಚಿನ ಕಡೆ ತಿರುಗಿತು. ಕಿಟಕಿ ಪಕ್ಕ, ಗೋಡೆಗೆ ಒತ್ತಿಕೊಂಡು ಕೂತ ಒಂದು ಹುಡುಗಿ. ಅವಳು ಪುಸ್ತಕದ ಕಡೆ ನೋಡುತ್ತಿದ್ದಳು. ಪುಸ್ತಕ ಮುಚ್ಚಿತ್ತು.

ಆಗ ನಾವು ಒಂದು ನಿಮಿಷ ಸುಮ್ಮನಿರಬೇಕಿತ್ತು. ನಮ್ಮಲ್ಲೊಬ್ಬರು, ಯಾರು ಅನ್ನುವುದು ಬೇಡ, ನಾವೇ ಅಂದುಕೊಳ್ಳಿ, ಚಟಕ್ಕನೆ ಉತ್ತರ ಕೊಟ್ಟೆವು: “ಹೌದಪ್ಪ, ಅದು ಮೆದುಳಲ್ಲಿ ಆಗೋ ಶಾರ್ಟ್ ಸರ್ಕ್ಯೂಟ್ ಇದ್ದಂಗೆ. ದೆವ್ವ ಗಿವ್ವ ಏನಿಲ್ಲ.” ದೆವ್ವ ಓಡಿಸಿದೆವು ಅಂತ ನಮಗೆ ಹೆಮ್ಮೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಫೋಟೊ ಹಂಚಿಕೊಂಡೆವು.

ಮೂರು ವಾರ ಬಿಟ್ಟು ಆ ಶಾಲೆಯ ವಿಜ್ಞಾನ ಮೇಡಂ ಫೋನ್ ಮಾಡಿದರು. ಹುಡುಗರು ಆ ಹುಡುಗಿಯನ್ನು ‘ಶಾರ್ಟ್’ ಅಂತ ಕರೆಯುತ್ತಿದ್ದಾರೆ, ಅವಳು ನಾಲ್ಕು ದಿನದಿಂದ ಶಾಲೆಗೆ ಬಂದಿಲ್ಲ ಅಂದರು. ಪಕ್ಕ ಕೂರುತ್ತಿದ್ದವಳು ಬೇರೆ ಬೆಂಚಿಗೆ ಹೋಗಿದ್ದಾಳಂತೆ, ಮುಟ್ಟಿದರೆ ಶಾಕ್ ಹೊಡೆಯುತ್ತದೆ ಅಂತ. ಮೇಡಂ ಜೋರು ಮಾಡಲಿಲ್ಲ. ಮಾಡಿದ್ದರೆ ನಮಗೆ ಹಗುರಾಗುತ್ತಿತ್ತು.

ಮೊದಲು ಆ ಹುಡುಗಿಯನ್ನು ಹೊರಗೆ ನಿಲ್ಲಿಸಲು ‘ಗಾಳಿ ಸೋಕಿದೆ’ ಅನ್ನುವ ಮಾತಿತ್ತು. ನಾವು ಅದನ್ನು ಕಿತ್ತು, ಆ ಜಾಗಕ್ಕೆ ಇಂಗ್ಲಿಷಿನ ಒಂದು ಮಾತು ನೆಟ್ಟು ಬಂದಿದ್ದೆವು. ಅದೂ ತಪ್ಪು ಮಾತು. ನರದ ವಿದ್ಯುತ್ ವೈರಿನ ವಿದ್ಯುತ್ತಿನಂಥದ್ದಲ್ಲ. ಸೋಡಿಯಂ, ಪೊಟ್ಯಾಸಿಯಂ ಅನ್ನುವ ಉಪ್ಪಿನ ಕಣಗಳು ನರಕೋಶದ ಗೋಡೆಯ ಸಣ್ಣ ಬಾಗಿಲುಗಳಲ್ಲಿ ಒಳಗೆ ಹೊರಗೆ ಓಡಾಡುವುದರಿಂದ ಹುಟ್ಟುವುದು ಅದು. ಅತಿ ವೇಗದ ನರದಲ್ಲೂ ಸುದ್ದಿ ಸೆಕೆಂಡಿಗೆ ನೂರು ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ ಹೋಗುತ್ತದೆ, ಅಷ್ಟೆ. ಅಲ್ಲಿ ವೈರ್ ಸುಡುವುದಿಲ್ಲ, ಫ್ಯೂಸ್ ಹೋಗುವುದಿಲ್ಲ, ಮುಟ್ಟಿದವರಿಗೆ ಏನೂ ಆಗುವುದಿಲ್ಲ. ಇದನ್ನೆಲ್ಲ ನಾವು ಓದಿದ್ದು ಆ ಫೋನ್ ಬಂದ ಮೇಲೆ.

ಏನು ಮಾಡುವುದು ಅಂತ ಕೂತಾಗ ಕೊರಟಗೆರೆಯವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನನ್ನ ತಮ್ಮನ್ನ ಕರ್ಕೊಂಡು ಹೋಗೋಣ” ಅಂದಳು. ಐದು ವರ್ಷ ಜೊತೆಗಿದ್ದೂ ಅವಳ ತಮ್ಮನಿಗೆ ಮೂರ್ಛೆ ಇತ್ತು ಅನ್ನುವುದು ನಮಗೆ ಮೂವರಿಗೂ ಗೊತ್ತಿರಲಿಲ್ಲ. ಸುದ್ದಿ ಹುಡುಕುವವರು ನಾವು.

ಅವನು ಈಗ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಅವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇವೆ. ಹನ್ನೊಂದನೇ ವಯಸ್ಸಿನಲ್ಲಿ ಯುಗಾದಿ ದಿನ, ಎಣ್ಣೆ ಹಚ್ಚಿ ಹಂಡೆಯ ಬಿಸಿನೀರು ತಲೆಗೆ ಹೊಯ್ಯುವಾಗ ಬಚ್ಚಲಲ್ಲೇ ಬಿದ್ದ. ಆಮೇಲೆ ಹಬ್ಬ ಬಂದರೆ ಸಾಕು, ಅದೇ ಬಚ್ಚಲು, ಅದೇ ಗತಿ. ಬಚ್ಚಲಲ್ಲಿ ಏನೋ ಇದೆ ಅಂತ ಬಚ್ಚಲನ್ನೇ ಕೆಡವಿ ಬೇರೆ ಕಡೆ ಕಟ್ಟಿಸಿದರು. ತಾಯತ, ಹರಕೆ, ಕೈಗೆ ಬೀಗದ ಕೀ, ಮೂಗಿಗೆ ಈರುಳ್ಳಿ. ಒಂದು ವರ್ಷ ಶಾಲೆ ಬಿಡಿಸಿದರು. ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಾಗ ಡಾಕ್ಟರು ಕೇಳಿದ ಪ್ರಶ್ನೆಯನ್ನು ಅವನು ಈಗಲೂ ಹೇಳುತ್ತಾನೆ: “ನೀರು ಎಷ್ಟು ಬಿಸಿ ಇರುತ್ತೆ?” ಎರಡು ವರ್ಷದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ.

ಬಿಸಿನೀರಿನ ಮೂರ್ಛೆ ಅಂತಲೇ ಒಂದು ಇದೆ. ತಲೆಗೆ ಬಿಸಿನೀರು ಬಿದ್ದಾಗ ಬರುವ ಮೂರ್ಛೆ. ಜಗತ್ತಿನ ಬೇರೆ ಕಡೆ ಅಪರೂಪ, ನಮ್ಮ ದಕ್ಷಿಣ ಕರ್ನಾಟಕದಲ್ಲಿ ಎದ್ದು ಕಾಣುವಷ್ಟು ಹೆಚ್ಚು. ಬೆಂಗಳೂರಿನ ಡಾ. ಕೆ.ಎಸ್. ಮಣಿ, ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಇವರೆಲ್ಲ ದಶಕಗಳ ಕಾಲ ಇದರ ಬಗ್ಗೆ ಅಧ್ಯಯನ ಮಾಡಿದ್ದಾರೆ. ಬಹಳ ಜನಕ್ಕೆ ನೀರಿನ ಬಿಸಿ ಕಡಿಮೆ ಮಾಡುವುದೇ ಅರ್ಧ ಚಿಕಿತ್ಸೆ, ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಬೇರೆ ಬಗೆಯ ಮೂರ್ಛೆಗೂ ಮದ್ದು ದುಬಾರಿಯೇ ಆಗಬೇಕೆಂದಿಲ್ಲ. ಡಾ. ಮಣಿಯವರ ತಂಡ ಚಾಮರಾಜನಗರ ಜಿಲ್ಲೆಯ ಯಳಂದೂರಿನ ಹಳ್ಳಿಗಳಲ್ಲಿ ಫಿನೋಬಾರ್ಬಿಟಾಲ್, ಫೆನಿಟಾಯಿನ್ ಅನ್ನುವ ಹಳೆಯ, ಕಡಿಮೆ ಬೆಲೆಯ ಮಾತ್ರೆಗಳಿಂದಲೇ ಮೂರ್ಛೆ ಹತೋಟಿಗೆ ತರಬಹುದು ಅಂತ ತೋರಿಸಿ, 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿತು. ಸರಿಯಾದ ಔಷಧಿ ಸಿಕ್ಕರೆ ಹತ್ತರಲ್ಲಿ ಏಳು ಮಂದಿ ಮೂರ್ಛೆಯಿಲ್ಲದೆ ಬದುಕಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎರಡನೇ ಸಲ ಪಾವಗಡಕ್ಕೆ ಐದು ಜನ ಹೋದೆವು. ಮೇಡಂ ಆ ಹುಡುಗಿಯ ಮನೆಗೆ ಹೋಗಿ ಕರೆದುಕೊಂಡು ಬಂದಿದ್ದರು. ನಾವು ಅವಳ ಕಡೆ ನೋಡಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಅವಳ ಕಡೆ ನೋಡದೆ ಇರುವುದೇ ನಮ್ಮ ದೊಡ್ಡ ಕೆಲಸವಾಯಿತು.

ತಮ್ಮ ಮುಂಗೈಗೆ ಸ್ಟಿಕ್ಕರ್ ಅಂಟಿಸಿಕೊಂಡ, ಗೆರೆ ತೋರಿಸಿದ, ಹುಡುಗರ ಜೊತೆ ಪಂಜ ಹಿಡಿದ. ಆಮೇಲೆ ಬಹಳ ಸಲೀಸಾಗಿ, “ನಂಗೂ ಫಿಟ್ಸ್ ಬರ್ತಿತ್ತು ಕಣ್ರೋ” ಅಂದ. ತರಗತಿ ಮೌನವಾಯಿತು. “ಈಗ ಆರು ವರ್ಷ ಆಯ್ತು, ಬಂದಿಲ್ಲ. ನಾನು ದಿನಾ ತ್ರೀ ಫೇಸ್ ಮೋಟರ್ ಬಿಚ್ಚೋನು. ಶಾರ್ಟ್ ಸರ್ಕ್ಯೂಟ್ ಅಂದ್ರೆ ಏನು ಅಂತ ನಂಗೆ ಗೊತ್ತು. ಇದು ಅದಲ್ಲ. ಆವತ್ತು ಹೇಳಿದ್ದು ತಪ್ಪು.” ನಮ್ಮ ಕಡೆ ಕೈ ತೋರಿಸಿದ. ಹೌದು ತಪ್ಪು ಅಂತ ನಾವು ಎದ್ದು ನಿಂತು ಹೇಳಿದೆವು.

ಹಾಗಾದರೆ ಅದೇನು? ಅದಕ್ಕೆ ನಾವು ಒಂದು ಆಟ ಯೋಚಿಸಿಕೊಂಡು ಹೋಗಿದ್ದೆವು. ಐವತ್ತು ಮಕ್ಕಳಿಗೂ ಪಕ್ಕದವರ ಜೊತೆ ಮೆಲ್ಲಗೆ ಮಾತಾಡಿ ಅಂದೆವು. ಒಬ್ಬರು ಲೆಕ್ಕ, ಒಬ್ಬರು ಸಿನಿಮಾ, ಒಬ್ಬರು ಊಟ. ಗುಜುಗುಜು ಅಂತ ಸದ್ದು, ಆದರೆ ಎಲ್ಲರ ಮಾತೂ ನಡೆಯುತ್ತಿದೆ. ನಿಮ್ಮ ಮೆದುಳು ಈಗ ಹೀಗಿದೆ, ಅದರಲ್ಲಿರುವುದು ಐವತ್ತಲ್ಲ, ಸುಮಾರು 8,600 ಕೋಟಿ ನರಕೋಶ ಅಂದೆವು. ಆಮೇಲೆ ಎಲ್ಲರೂ ಒಂದೇ ತಾಳಕ್ಕೆ ಚಪ್ಪಾಳೆ ಹೊಡೆಯಿರಿ ಅಂದೆವು. ಧಪ್, ಧಪ್, ಧಪ್. ಕಿಟಕಿ ಗಾಜು ಅದುರಿತು. ಈಗ ಪಕ್ಕದವರ ಮಾತು ಕೇಳಿಸುತ್ತಾ? ಇಲ್ಲ. ಮೇಡಂ ಪಾಠ ಕೇಳಿಸುತ್ತಾ? ಇಲ್ಲ. ಕೈ ಸೋತು ಒಬ್ಬೊಬ್ಬರೇ ನಿಲ್ಲಿಸಿದರು. ಮತ್ತೆ ಅದೇ ತರಗತಿ, ಅದೇ ಮಕ್ಕಳು. ಮೂರ್ಛೆ ಬಂದಾಗ ಒಂದೆರಡು ನಿಮಿಷ ಮೆದುಳಿನ ಕೋಶಗಳು ಹೀಗೆ ಒಟ್ಟಿಗೆ ತಾಳಕ್ಕೆ ಬೀಳುತ್ತವೆ, ಆಮೇಲೆ ತಾವೇ ಸೋತು ನಿಲ್ಲುತ್ತವೆ. ನಮ್ಮ ಪಾವಗಡದವನು ಇದನ್ನೇ ಇನ್ನೊಂದು ಸಲ ತೆಲುಗಿನಲ್ಲಿ ಹೇಳಿದ. ಗಡಿ ಕಡೆಯ ಶಾಲೆ, ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳೇ ಹೆಚ್ಚು.

“ತಾವೇ ನಿಲ್ಲೋದಾದ್ರೆ ಕೀ ಯಾಕೆ ಕೊಡ್ತಾರೆ?” ಅದೇ ಕೊನೆಯ ಸಾಲಿನ ಹುಡುಗ.

“ನೀವು ಓಡಿ ಹೋಗಿ ಕೀ ಹುಡುಕಿ ತರೋಷ್ಟರಲ್ಲಿ ಅದು ನಿಲ್ಲೋ ಹೊತ್ತಾಗಿರುತ್ತೆ. ಕೀಗೆ ಹೆಸರು ಬರುತ್ತೆ” ಅಂದ ತಮ್ಮ.

ಆಮೇಲೆ ಅವನೇ ನೆಲದ ಮೇಲೆ ಮಲಗಿ, ಏನು ಮಾಡಬೇಕು ಅಂತ ಮಕ್ಕಳಿಂದಲೇ ಮಾಡಿಸಿದ. ಸುತ್ತ ಇರುವ ಕಲ್ಲು, ಬೆಂಚು ಸರಿಸಬೇಕು. ತಲೆ ಕೆಳಗೆ ಮೆತ್ತಗಿನದು ಏನಾದರೂ ಇಡಬೇಕು, ಬ್ಯಾಗಾದರೂ ಸರಿ. ಮಗ್ಗುಲಿಗೆ ಹೊರಳಿಸಬೇಕು, ಜೊಲ್ಲು ಹೊರಗೆ ಹೋಗಲಿ ಅಂತ. ಕೈಕಾಲು ಅದುಮಿ ಹಿಡಿಯಬಾರದು. ಬಾಯಿಗೆ ನೀರಾಗಲಿ ಚಮಚವಾಗಲಿ ಏನೂ ಹಾಕಬಾರದು. ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ 108ಕ್ಕೆ ಫೋನ್. ಹುಡುಗರು ನಗುತ್ತಲೇ ಅವನನ್ನು ಹೊರಳಿಸಿದರು. ನಾಲ್ಕನೇ ಸಲ ಹೊರಳಿಸುವಾಗ ನಗು ನಿಂತಿತ್ತು.

ನಾವು ವೈರ್ ಸುತ್ತಿಡುತ್ತಿದ್ದಾಗ ಆ ಹುಡುಗಿಯ ತಾಯಿ ಬಂದರು. ಹೊಲದಿಂದ ನೇರ ಬಂದಿದ್ದರು, ಸೆರಗಿನ ತುಂಬ ಕಡಲೆಗಿಡದ ಮಣ್ಣು. ತೆಲುಗಿನಲ್ಲೇ ಮಾತಾಡಿದರು. “ತಲೆಗೂ ಅಂಟಿಸೋ ಹಾಗೆ ಐತಂತೆ ಅಲ್ಲವಾ ಇದು? ನಮ್ಮ ಹುಡುಗಿಗೆ ಒಂದು ಸಲ ಇಟ್ಟು ನೋಡಪ್ಪ. ಏನಾಗೈತೆ ಅಂತ ಹೇಳಿಬಿಡು ಸಾಕು.”

ಇಟ್ಟರೆ ಏನೋ ಒಂದು ಗೆರೆ ಬರುತ್ತಿತ್ತು. ಬೋರ್ಡಿಗೆ ಆ ಶಕ್ತಿ ಇದೆ ಅಂತ ಅದರ ಡಬ್ಬದ ಮೇಲೇ ಇದೆ. ಆದರೆ ಆ ಗೆರೆ ಓದುವ ವಿದ್ಯೆ ನಮಗಿಲ್ಲ. ಆಸ್ಪತ್ರೆಯ ಇಇಜಿಯಲ್ಲಿ ತಲೆಯ ಇಪ್ಪತ್ತರಷ್ಟು ಕಡೆ ತಂತಿ ಕೂರಿಸಿ, ಅದನ್ನು ಓದಲು ವರ್ಷಗಟ್ಟಲೆ ಕಲಿತವರು ನೋಡುತ್ತಾರೆ. ನಮ್ಮದು ಮೂರು ಸ್ಟಿಕ್ಕರ್, ಅದರಲ್ಲೂ ಒಂದು ಸಲ ಕಣ್ಣು ಮಿಟುಕಿಸಿದ್ದನ್ನು ಮಕ್ಕಳು ಮೆದುಳು ಅಂದುಕೊಂಡಿದ್ದರು. ನಾವು ನೋಡಿ “ಏನಿಲ್ಲಮ್ಮ” ಅಂದುಬಿಟ್ಟರೆ ಆ ತಾಯಿ ಆಸ್ಪತ್ರೆಗೆ ಹೋಗುವುದನ್ನೇ ಬಿಡುತ್ತಿದ್ದರು. “ಏನೋ ಇದೆ” ಅಂದರೆ ಇನ್ನೊಂದು ಹೆಸರು ಹುಟ್ಟುತ್ತಿತ್ತು.

ಆಗಲ್ಲಮ್ಮ, ಇದು ಪಾಠಕ್ಕೆ ಮಾತ್ರ ಅಂದೆವು. ಅವರು ನಂಬಲಿಲ್ಲ. ನಾವು ದುಡ್ಡು ಕೇಳುತ್ತಿದ್ದೇವೆ ಅಂದುಕೊಂಡರೋ ಏನೋ, ಸೊಂಟದ ಎಲೆಅಡಿಕೆ ಚೀಲಕ್ಕೆ ಕೈ ಹಾಕಿದರು. ಅದನ್ನು ಬರೆಯುವಾಗಲೂ ಕಷ್ಟವಾಗುತ್ತಿದೆ.

ಕೊರಟಗೆರೆಯವಳು ಅವರನ್ನು ಮರದ ಕೆಳಗೆ ಕೂರಿಸಿಕೊಂಡಳು. ಅವಳಿಗೆ ತೆಲುಗು ಅರ್ಧಂಬರ್ಧ, ಅವರಿಗೆ ಕನ್ನಡ ಅರ್ಧಂಬರ್ಧ. ತಮ್ಮನ ಹಳೆಯ ಚೀಟಿ, ಮಾತ್ರೆ ಪಟ್ಟಿ ತೋರಿಸಿದಳು. ಯಾವಾಗ ಬರುತ್ತದೆ, ಎಷ್ಟು ಹೊತ್ತು, ಮೊದಲು ಏನಾಗುತ್ತದೆ ಅಂತ ಒಂದು ನೋಟ್ ಬುಕ್ಕಿನಲ್ಲಿ ಬರೆದಿಡಿ, ಡಾಕ್ಟರಿಗೆ ಅದೇ ಎಲ್ಲಕ್ಕಿಂತ ದೊಡ್ಡ ಯಂತ್ರ ಅಂದಳು. ಬರೆಯಲು ನಮಗೆ ಬರುವುದಿಲ್ಲ ಅಂದರು ತಾಯಿ. ನಾನು ಬರೀತೀನಿ ಅಂತ ಹಿಂದಿನಿಂದ ಆ ಹುಡುಗಿ ಅಂದಳು. ನಾವು ಅವಳ ದನಿ ಕೇಳಿದ್ದು ಅದೇ ಮೊದಲು.

ಅವಳಿಗೆ ಮೊದಲು ಏನಾಗುತ್ತದಂತೆ ಗೊತ್ತಾ? ಸುಟ್ಟ ವಾಸನೆ ಬರುತ್ತದಂತೆ. ಸುತ್ತ ಏನೂ ಸುಡದೆ ಇದ್ದರೂ. ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ, ಹೇಳಿದರೆ ಗಾಳಿ ಅನ್ನುವುದು ಖಾತ್ರಿ ಆಗುತ್ತದೆ ಅಂತ. ಅಂಥ ಮುನ್ಸೂಚನೆ ಮೂರ್ಛೆಯಲ್ಲಿ ಇರುವುದುಂಟು, ಡಾಕ್ಟರಿಗೆ ಅದು ಬಹಳ ಬೇಕಾದ ಸುದ್ದಿ ಅಂತ ತಮ್ಮ ಹೇಳಿದಾಗ ಅವಳು ನೋಟ್ ಬುಕ್ಕಿನ ಮೊದಲ ಸಾಲು ಅಲ್ಲೇ ಕೂತು ಬರೆದಳು.

ಬೋರ್ಡನ್ನು ಆ ಶಾಲೆಯಲ್ಲೇ ಬಿಟ್ಟು ಬಂದೆವು. ಬೀರುವಿನಲ್ಲಿಡಬೇಡಿ ಮೇಡಂ ಅಂದಾಗ, ಬೀರು ಎಲ್ಲಿದೆ ನಮ್ಮಲ್ಲಿ ಅಂದರು ಅವರು. ಈಗ ಅದು ಒಂದು ಬಿಸ್ಕತ್ತಿನ ಡಬ್ಬದಲ್ಲಿದೆ. ಒಂದು ವೈರ್ ಆಗಲೇ ಕಿತ್ತು ಹೋಗಿದೆಯಂತೆ, ಒಬ್ಬ ಹುಡುಗ ಇಯರ್‌ಫೋನಿನ ವೈರ್ ಕತ್ತರಿಸಿ ಜೋಡಿಸಿದ್ದಾನಂತೆ.

ಹೋದ ವಾರ ಮೇಡಂ ಮತ್ತೆ ಫೋನ್ ಮಾಡಿದ್ದರು. ತಾಯಿ ಮಗಳು ಬೆಂಗಳೂರಿಗೆ ಹೋಗಿ ಬಂದಿದ್ದಾರೆ, ಮಾತ್ರೆ ಶುರುವಾಗಿದೆ, ಬರುವ ತಿಂಗಳು ಮತ್ತೆ ಬರಲು ಹೇಳಿದ್ದಾರೆ. ಹುಡುಗಿ ಶಾಲೆಗೆ ಬರುತ್ತಿದ್ದಾಳೆ. ಹಳೆಯ ಹೆಸರು ಪೂರ್ತಿ ನಿಂತಿಲ್ಲ, ಇಬ್ಬರು ಹುಡುಗರು ಇನ್ನೂ ಹಾಗೇ ಕರೆಯುತ್ತಾರೆ. ಪಕ್ಕದ ಬೆಂಚಿನವಳು ಮಾತ್ರ ವಾಪಸ್ಸು ಬಂದಿದ್ದಾಳೆ. ಇಷ್ಟು ಹೇಳಿ ಮೇಡಂ ಫೋನ್ ಮಾಡಿದ ಅಸಲು ಕಾರಣಕ್ಕೆ ಬಂದರು: ಸ್ಟಿಕ್ಕರ್ ಮುಗಿದಿದೆ, ಇಲ್ಲಿ ಮೆಡಿಕಲ್ ಸ್ಟೋರಿನಲ್ಲಿ ಐವತ್ತರ ಪ್ಯಾಕೆಟ್ ಇಟ್ಟಿಲ್ಲ, ಸಿರಾ ಕಡೆಯಿಂದ ಬಸ್ಸಿನಲ್ಲಿ ಕಳಿಸ್ತೀರಾ ಅಂತ.